ಆಘಾತ ಆದಮೇಲೆ ಎಲ್ಲಿಗೆ ತೋರಿಸೋದು? ಮಂಡ್ಯ, ಮೈಸೂರಿನವರಿಗೆ ಪಿಟಿಎಸ್‌ಡಿ ಚಿಕಿತ್ಸೆಯ ದಾರಿಗಳು

"ಆಕ್ಸಿಡೆಂಟ್ ಆಗಿ ಮೂರು ತಿಂಗಳಾಯ್ತು. ಕಾಲು ಸರಿಹೋಯ್ತು, ಆದರೆ ತಮ್ಮ ಮೊದಲಿನ ಥರ ಇಲ್ಲ. ಮಂಡ್ಯದ ಮಿಮ್ಸ್ ಆಸ್ಪತ್ರೆಗೆ ತೋರಿಸೋದಾ, ಮೈಸೂರಲ್ಲಿ ಪ್ರೈವೇಟ್ ಡಾಕ್ಟರ ಹತ್ತಿರ ಹೋಗೋದಾ, ಇಲ್ಲ ನೇರವಾಗಿ ನಿಮ್ಹಾನ್ಸ್‌ಗೇ ಕರ್ಕೊಂಡು ಹೋಗಿಬಿಡೋದಾ?" ಈ ಥರದ ಪ್ರಶ್ನೆ ಆಗಾಗ ಬರುತ್ತದೆ. ಕೇಳುವವರು ಹೆಚ್ಚಾಗಿ ಅಕ್ಕ, ಹೆಂಡತಿ ಅಥವಾ ಅಮ್ಮ. ತೊಂದರೆ ಇರುವವರೇ ಕೇಳುವುದು ಅಪರೂಪ. ಆ ಘಟನೆಯ ಮಾತೇ ಬೇಡ ಅನ್ನಿಸುವುದು ಪಿಟಿಎಸ್‌ಡಿ ಅನ್ನೋ ಈ ಕಾಯಿಲೆಯ, ಅಂದರೆ ದೊಡ್ಡ ಆಘಾತ ಆದಮೇಲೆ ಮನಸ್ಸಿಗೆ ಅಂಟಿಕೊಳ್ಳುವ ಕಾಯಿಲೆಯ, ಲಕ್ಷಣಗಳಲ್ಲಿ ಒಂದು, ಹಾಗಾಗಿ ಅವರು ಕೇಳದೇ ಇರುವುದರಲ್ಲಿ ಆಶ್ಚರ್ಯವಿಲ್ಲ.

ಹೆದ್ದಾರಿ, ನಾಲೆ, ಆಲೆಮನೆ, ಕಾರ್ಖಾನೆ ಎಲ್ಲ ಇರುವ ನಮ್ಮ ಕಡೆ ಇಂಥ ಮನೆಗಳು ಕಡಿಮೆ ಏನಿಲ್ಲ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ತೀರಿಕೊಂಡರು. ಅಂಥ ದಿನ ಸತ್ತವರ ಲೆಕ್ಕ ಪೇಪರಿನಲ್ಲಿ ಬರುತ್ತದೆ. ಬದುಕಿ ಬಂದವರು, ನೀರಿಗಿಳಿದು ಹೆಣ ಎತ್ತಿದವರು, ಮನೆಯವರನ್ನು ಕಳೆದುಕೊಂಡವರು ಆ ಲೆಕ್ಕದಲ್ಲಿ ಇರುವುದಿಲ್ಲ. ಪಿಟಿಎಸ್‌ಡಿ ಇವರಲ್ಲಿ ಯಾರಿಗೆ ಬೇಕಾದರೂ ಬರಬಹುದು. ಲೈಂಗಿಕ ದೌರ್ಜನ್ಯ, ಮನೆಯೊಳಗಿನ ಹೊಡೆತ, ಕಾಡುಪ್ರಾಣಿ ದಾಳಿ, ಜೀವ ಹೋಗುವಂತಾದ ಹೆರಿಗೆ, ಯುದ್ಧಭೂಮಿಯ ಅನುಭವ, ಇವುಗಳಿಂದಲೂ ಬರುತ್ತದೆ.

ಗುರುತಿಸುವುದು ಹೀಗೆ. ಘಟನೆ ಕನಸಿನಲ್ಲಿ, ಎಚ್ಚರದಲ್ಲಿ ಮತ್ತೆ ಮತ್ತೆ ನುಗ್ಗಿ ಬರುತ್ತದೆ. ಅದನ್ನು ನೆನಪಿಸುವ ಜಾಗ, ಜನ, ಮಾತು ಎಲ್ಲದರಿಂದ ತಪ್ಪಿಸಿಕೊಳ್ಳುತ್ತಾರೆ. ಮನಸ್ಸು ಮಂಕಾಗುತ್ತದೆ, "ನನ್ನಿಂದಲೇ ಆಯ್ತು" ಅನ್ನೋ ಕೊರಗು ಬಿಡುವುದಿಲ್ಲ. ಮೈಯೆಲ್ಲಾ ಕಣ್ಣಾಗಿರುತ್ತದೆ: ನಿದ್ದೆ ಇಲ್ಲ, ಸಣ್ಣ ಸದ್ದಿಗೆ ಬೆಚ್ಚಿ ಬೀಳುವುದು, ಸುಮ್ನೆ ಸುಮ್ನೆ ಸಿಟ್ಟು. ಇವೆಲ್ಲ ಒಂದು ತಿಂಗಳಿಗಿಂತ ಜಾಸ್ತಿ ನಡೆದು, ಕೆಲಸ, ಸಂಸಾರ ಕೆಡುವ ಮಟ್ಟಕ್ಕೆ ಬಂದರೆ ವೈದ್ಯರು ಪಿಟಿಎಸ್‌ಡಿ ಅನ್ನುತ್ತಾರೆ. ಮೊದಲ ಒಂದು ತಿಂಗಳಲ್ಲಿ ಇವು ಕಾಣಿಸಿಕೊಳ್ಳುವುದು ತುಂಬ ಜನರಿಗೆ ಸಹಜ, ಹೆಚ್ಚಿನವರು ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ.

ಏನನ್ನು ನೋಡಿ ಆರಿಸಬೇಕು

ಸಾಮಾನ್ಯವಾಗಿ ನಾವು ಮೊದಲು ಕೇಳುವುದು "ಒಳ್ಳೆ ಡಾಕ್ಟರ್ ಯಾರು" ಅಂತ. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲನೆಯದು, ಈಗ ಜೀವಕ್ಕೆ ಎಷ್ಟು ಅಪಾಯ ಇದೆ ಅನ್ನೋದು. ಎರಡನೆಯದು, ಘಟನೆ ಆಗಿ ಎಷ್ಟು ದಿನ ಆಯ್ತು. ಮೂರನೆಯದು, ತಿಂಗಳುಗಟ್ಟಲೆ ಬಿಡದೆ ಹೋಗಿ ಬರಲು ಆಗುತ್ತಾ: ದೂರ, ರಜೆ, ದುಡ್ಡು, ಜೊತೆಗೆ ಬರುವವರು. ನಾಲ್ಕನೆಯದು ಗುಟ್ಟು. ಊರಿನವರು ನೋಡಿಬಿಟ್ಟಾರು ಅನ್ನೋ ಅಂಜಿಕೆಯಿಂದ ಎಷ್ಟೋ ಜನ ಆಸ್ಪತ್ರೆ ಬಾಗಿಲಿನಿಂದಲೇ ವಾಪಸ್ ಬರುತ್ತಾರೆ. ಇದನ್ನು ಸಣ್ಣದು ಅಂತ ತಳ್ಳಿಹಾಕಬೇಡಿ, ಲೆಕ್ಕಕ್ಕೆ ತೆಗೆದುಕೊಳ್ಳಿ.

ಅಪಾಯದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಪಿಟಿಎಸ್‌ಡಿ ಅಂದರೆ ಬರೀ "ಹೆದರಿಕೆ" ಅಂದುಕೊಂಡವರು ಇಲ್ಲೇ ಏಮಾರುತ್ತಾರೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಆತ್ಮಹತ್ಯೆ. "ನಾನಿದ್ದು ಏನು ಪ್ರಯೋಜನ", "ಅವನ ಬದಲು ನಾನೇ ಹೋಗಬೇಕಿತ್ತು" ಅನ್ನೋ ಮಾತು ಬಂದರೆ ಮಾತು ತಿರುಗಿಸಬೇಡಿ. "ಸಾಯಬೇಕು ಅನ್ನಿಸ್ತಿದೆಯಾ?" ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಒಳಗಿದ್ದದ್ದು ಹೊರಗೆ ಬರುತ್ತದೆ, ಅಷ್ಟೆ. ನಮ್ಮ ಕಡೆ ಗದ್ದೆ, ಕಬ್ಬು ಇರುವ ಮನೆಗಳಲ್ಲಿ ಕೀಟನಾಶಕ, ಕಳೆನಾಶಕ ಮೂಲೆಯಲ್ಲಿ ಹಾಗೇ ಬಿದ್ದಿರುತ್ತದೆ. ಅದನ್ನು ಬೇರೆಯವರ ಮನೆಗೆ ಸಾಗಿಸಿ, ಇಲ್ಲವೇ ಬೀಗ ಹಾಕಿ ಕೀಲಿ ಇನ್ನೊಬ್ಬರ ಹತ್ತಿರ ಇಡಿ. ಮಾತ್ರೆಗಳಿಗೂ ಇದೇ ನಿಯಮ, ಪರವಾನಗಿ ಬಂದೂಕಿದ್ದರೆ ಅದಕ್ಕೂ. ಸಾಯುವ ಯೋಚನೆ ಹೆಚ್ಚಿನವರಲ್ಲಿ ಅಲೆಯಂತೆ ಏರಿ ಇಳಿಯುತ್ತದೆ. ಏರಿದ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ.

ಎರಡನೆಯದು ನಿದ್ದೆಗೆಟ್ಟ ಮೈ. ರಾತ್ರಿಯಿಡೀ ಕಣ್ಣು ಮುಚ್ಚದವನು ಬೆಳಿಗ್ಗೆ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುತ್ತಾನೆ ಅಂದುಕೊಳ್ಳಿ. ರೋಲರ್ ಹತ್ತಿರ ಕೈ ಹೋಗುವ ಕೆಲಸ ಅದು. ಒಂದು ಕ್ಷಣ ಮಂಪರು ಬಂದರೆ, ಇಲ್ಲವೇ ಹಿಂದೆ ಯಾರೋ ಡಬ್ಬ ಬೀಳಿಸಿದ ಸದ್ದಿಗೆ ಬೆಚ್ಚಿದರೆ, ಬೆರಳು ಹೋಯಿತು. ಟ್ರ್ಯಾಕ್ಟರ್, ಬೈಕ್, ಫ್ಯಾಕ್ಟರಿ ಮೆಷಿನ್‌ಗೂ ಇದು ಅನ್ವಯ. ನಿದ್ದೆ ಒಂದು ಹದಕ್ಕೆ ಬರುವವರೆಗೆ ಕುದಿಯುವ ಕೊಪ್ಪರಿಗೆ, ತಿರುಗುವ ಯಂತ್ರ, ರಾತ್ರಿ ಡ್ರೈವಿಂಗ್ ಬಿಟ್ಟು ಬೇರೆ ಕೆಲಸ ಕೇಳಿಕೊಳ್ಳುವುದು ಒಳ್ಳೆಯದು.

ಮೂರನೆಯದು ಕುಡಿತ. ಮೊದಲು ನಿದ್ದೆಗೆ ಅಂತ ಒಂದು ಕ್ವಾರ್ಟರ್. ಆಮೇಲೆ ಅದಿಲ್ಲದೆ ಆಗುವುದಿಲ್ಲ. ಕುಡಿದ ನಿದ್ದೆ ಅರ್ಧ ರಾತ್ರಿಗೆ ಒಡೆಯುತ್ತದೆ, ದುಃಸ್ವಪ್ನ ಕಡಿಮೆಯಾಗುವುದಿಲ್ಲ, ಸಿಟ್ಟು ಏರುತ್ತದೆ. ಮನೆಯಲ್ಲಿ ಹೆಂಡತಿ ಮಕ್ಕಳು ಪೆಟ್ಟು ತಿನ್ನುವುದು ಬಹಳ ಸಲ ಇಲ್ಲಿಂದ ಶುರುವಾಗುತ್ತದೆ. ಕಾಯಿಲೆ ಇದೆ ಅಂತ ಅದನ್ನು ಸಹಿಸಿಕೊಳ್ಳಬೇಕಿಲ್ಲ. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಇನ್ನೊಂದು, ಹೆಚ್ಚು ಜನ ಹೇಳದ ವಿಷಯ. ಕೆಲವರು ದಿಂಬಿನ ಕೆಳಗೆ ಮಚ್ಚು ಇಟ್ಟುಕೊಂಡು ಮಲಗುತ್ತಾರೆ. ದುಃಸ್ವಪ್ನದಲ್ಲಿ ಒದ್ದಾಡುತ್ತಿರುವವರನ್ನು ಹತ್ತಿರ ಹೋಗಿ ಮೈ ಅಲ್ಲಾಡಿಸಿ ಎಬ್ಬಿಸಿದರೆ ಅರೆ ಎಚ್ಚರದಲ್ಲಿ ಕೈ ಬೀಸಿಬಿಡಬಹುದು. ಮಚ್ಚು ಆ ಕೋಣೆಯಲ್ಲೇ ಇರಬಾರದು. ಎಬ್ಬಿಸಬೇಕಾದರೆ ಬಾಗಿಲ ಹತ್ತಿರ ನಿಂತು ಲೈಟ್ ಹಾಕಿ, ಹೆಸರು ಹಿಡಿದು ಕೂಗಿ, "ಮನೇಲಿದ್ದೀಯ" ಅಂತ ಹೇಳಿ.

ವರ್ಷಗಟ್ಟಲೆ ಬಿಟ್ಟರೆ ದೇಹಕ್ಕೂ ಬಡ್ಡಿ ಬೀಳುತ್ತದೆ. ಪಿಟಿಎಸ್‌ಡಿ ಇರುವವರಲ್ಲಿ ಹೃದಯದ ಕಾಯಿಲೆ, ಬಿಪಿ, ಸಕ್ಕರೆ ಕಾಯಿಲೆ, ವಾಸಿಯಾಗದ ಮೈಕೈ ನೋವು ಉಳಿದವರಿಗಿಂತ ಜಾಸ್ತಿ ಕಾಣುತ್ತವೆ. ಈಗಾಗಲೇ ಶುಗರ್ ಇರುವವರು ಬೇಸರದಲ್ಲಿ ಮಾತ್ರೆ ಬಿಡುವುದೂ ಉಂಟು.

ಈಗ ದಾರಿಗಳು

ಕಾದು ನೋಡುವುದು. ಘಟನೆಯಾಗಿ ಇನ್ನೂ ಒಂದು ತಿಂಗಳಾಗಿಲ್ಲ, ಮೇಲಿನ ಅಪಾಯ ಯಾವುದೂ ಇಲ್ಲ ಅಂದರೆ ಇದೇ ಸರಿಯಾದ ಆಯ್ಕೆ. ಖರ್ಚಿಲ್ಲ. ಊಟ, ನಿದ್ದೆ, ಸ್ನಾನದ ಹೊತ್ತು ತಪ್ಪದಂತೆ ನೋಡಿಕೊಳ್ಳುವುದು, ಒಂಟಿಯಾಗಿ ಬಿಡದಿರುವುದು, ಹೇಳಿದರೆ ಕೇಳುವುದು, ಹೇಳದಿದ್ದರೆ ಸುಮ್ಮನಿರುವುದು. ಬಂದವರೆಲ್ಲ "ಹೆಂಗಾಯ್ತಪ್ಪಾ, ಪೂರ್ತಿ ಹೇಳು" ಅಂತ ಕೆದಕುವುದನ್ನು ಮನೆಯವರು ತಡೆಯಬೇಕು. ಘಟನೆ ಆದ ಬೆನ್ನಿಗೇ ಒಂದೇ ಸಲ ಕೂರಿಸಿ ಎಲ್ಲ ಹೇಳಿಸುವುದರಿಂದ ಪಿಟಿಎಸ್‌ಡಿ ತಪ್ಪುವುದಿಲ್ಲ ಅಂತ ಸಂಶೋಧನೆಗಳು ತೋರಿಸಿವೆ, ಕೆಲವರಿಗೆ ಅದರಿಂದ ತೊಂದರೆಯೂ ಆಗಿದೆ. ತಿಂಗಳು ದಾಟಿದ ಮೇಲೂ ಕಾಯುತ್ತಾ ಕೂತರೆ ಮಾತ್ರ ತಪ್ಪು.

ದೇವರು, ತಾಯತ, ತಡೆ. "ಗಾಳಿ ಸೋಕಿದೆ", "ಜೀವ ಬೆದರಿದೆ" ಅಂತ ತಡೆ ಹೊಡೆಸುವುದು ನಮ್ಮಲ್ಲಿ ಮೊದಲ ಹೆಜ್ಜೆ. ಧೈರ್ಯ ಬರುತ್ತದೆ ಅಂದರೆ ಮಾಡಿಸಿ, ನನ್ನ ತಕರಾರಿಲ್ಲ. ಮೂರು ವಿಷಯಕ್ಕೆ ಮಾತ್ರ ಒಪ್ಪಬೇಡಿ: ಹೊಡೆಯುವುದು, ಉಪವಾಸ ಕೆಡವುವುದು, ಮಾತ್ರೆ ನಿಲ್ಲಿಸಿ ಅನ್ನುವುದು. ಅಲ್ಲಿ ಹತ್ತಾರು ಸಾವಿರ ಕೇಳಿದರೆ, ಅದೇ ದುಡ್ಡಿನಲ್ಲಿ ಎಷ್ಟು ಸಲ ಡಾಕ್ಟರ ಹತ್ತಿರ ಹೋಗಬಹುದಿತ್ತು ಅಂತ ಒಮ್ಮೆ ಲೆಕ್ಕ ಹಾಕಿ.

14416, ಟೆಲಿ ಮಾನಸ್. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಸಹಾಯವಾಣಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಗುಟ್ಟಿನ ವಿಷಯದಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ: ಗದ್ದೆ ಬದುವಿನಲ್ಲಿ ಕೂತು ಮಾತಾಡಬಹುದು, ಯಾರಿಗೂ ತಿಳಿಯದು. ಮನೆಯವರೂ ಕರೆ ಮಾಡಿ "ಹೀಗಾಗ್ತಿದೆ, ಏನು ಮಾಡಲಿ" ಅಂತ ಕೇಳಬಹುದು. ಮೊದಲು ಆಪ್ತಸಮಾಲೋಚಕರು ಮಾತಾಡುತ್ತಾರೆ, ಬೇಕಿದ್ದರೆ ತಜ್ಞರಿಗೆ ದಾಟಿಸುತ್ತಾರೆ, ಹತ್ತಿರದ ಸರ್ಕಾರಿ ಸೇವೆಯ ದಾರಿ ತೋರಿಸುತ್ತಾರೆ. ಇದರ ಮಿತಿ ಏನೆಂದರೆ, ಪಿಟಿಎಸ್‌ಡಿಗೆ ಬೇಕಾದ ಉದ್ದದ ಚಿಕಿತ್ಸೆ ಫೋನಿನಲ್ಲೇ ಮುಗಿಯುವುದಿಲ್ಲ. ಬಾಗಿಲು ತೆರೆಯಲು ಸಾಕು, ಒಳಗಿನ ಕೆಲಸಕ್ಕೆ ಆಸ್ಪತ್ರೆಯೇ ಬೇಕು.

ಸರ್ಕಾರಿ ಆಸ್ಪತ್ರೆ. ಬಜೆಟ್ ಬಿಗಿ ಇರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಮಂಡ್ಯದಲ್ಲಿ ಮಿಮ್ಸ್, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಎರಡೂ ಮೆಡಿಕಲ್ ಕಾಲೇಜಿಗೆ ಸೇರಿದವು, ಎರಡರಲ್ಲೂ ಮನೋವೈದ್ಯ ವಿಭಾಗ ಇದೆ. ಅಷ್ಟು ದೂರವೂ ಆಗದು ಅನ್ನುವವರಿಗೆ ತಾಲ್ಲೂಕು ಆಸ್ಪತ್ರೆ: ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ, ರಾಜ್ಯದ ಮನೋಚೈತನ್ಯ ಕಾರ್ಯಕ್ರಮಗಳಡಿ ಗೊತ್ತುಪಡಿಸಿದ ಮಂಗಳವಾರ ಮನೋವೈದ್ಯರು ಅಲ್ಲಿಗೇ ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯನ್ನೋ ಕೇಳಿಕೊಂಡು ಹೋಗಿ. ಸುಮ್ನೆ ಹೋಗಿ ಕೂತು ಬರಬೇಡಿ.

ಇಲ್ಲಿನ ಕೊರತೆ ಸಮಯ. ಸಾಲು ದೊಡ್ಡದು, ಡಾಕ್ಟರು ಕೊಡುವ ನಿಮಿಷ ಕಡಿಮೆ. ಹಾಗಾಗಿ ಮಾತ್ರೆ ಸುಲಭವಾಗಿ ಸಿಗುತ್ತದೆ, ಕೂತು ಮಾತಾಡುವ ಚಿಕಿತ್ಸೆ ಸಿಗುವುದು ಕಷ್ಟ. ಪ್ರತಿ ಸಲ ಡಾಕ್ಟರ್ ಬದಲಾಗಬಹುದು, ಮತ್ತೆ ಮೊದಲಿನಿಂದ ಕಥೆ ಹೇಳಬೇಕು. ಆಘಾತ ಆದವರಿಗೆ ಅದು ನಿಜಕ್ಕೂ ಹಿಂಸೆ. ಅದಕ್ಕೆ ಒಂದು ಉಪಾಯ: ಘಟನೆ, ತಾರೀಖು, ಈಗಿನ ತೊಂದರೆ, ಮಾತ್ರೆಗಳ ಹೆಸರು ಒಂದೇ ಹಾಳೆಯಲ್ಲಿ ಬರೆದು ಚೀಟಿಯ ಜೊತೆ ಪಿನ್ ಮಾಡಿ ಕೊಡಿ. ಗುಟ್ಟಿನ ಲೆಕ್ಕದಲ್ಲಿ ಊರಿನ ಆಸ್ಪತ್ರೆ ಕಡಿಮೆ ಅಂಕ ಪಡೆಯುತ್ತದೆ, ಸಾಲಿನಲ್ಲಿ ಯಾರಾದರೂ ನೆಂಟರು ಸಿಕ್ಕೇ ಸಿಗುತ್ತಾರೆ. ಮಂಡ್ಯದ ಕೆಲವರು ಅದಕ್ಕೇ ಮೈಸೂರಿಗೆ ಹೋಗುವುದು. ಹೋಗಲಿ ಬಿಡಿ, 45 ಕಿಲೋಮೀಟರು ತಾನೆ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸಿನ ಟಿಕೆಟ್ಟೂ ಉಚಿತ.

ಗಾರ್ಮೆಂಟ್ಸ್, ಫ್ಯಾಕ್ಟರಿಗೆ ಹೋಗುವವರು ಇಎಸ್‌ಐ ಕಾರ್ಡನ್ನೂ, ಮಾಜಿ ಸೈನಿಕರು ಇಸಿಎಚ್‌ಎಸ್ ಸೌಲಭ್ಯವನ್ನೂ ಮರೆಯಬೇಡಿ. ಕಾರ್ಡು ಇಟ್ಟುಕೊಂಡೇ ಕೈಯಿಂದ ದುಡ್ಡು ಕಟ್ಟುವವರು ಬಹಳ.

ಖಾಸಗಿ ಮನೋವೈದ್ಯರು. ಹೊತ್ತು ಗೊತ್ತು ಮಾಡಿಕೊಂಡು ಹೋಗಬಹುದು, ಒಬ್ಬರೇ ಡಾಕ್ಟರ್ ಸಿಗುತ್ತಾರೆ, ಸಂಜೆ ಹೊತ್ತೂ ನೋಡುತ್ತಾರೆ. ಕೂಲಿ ಕಳೆದುಕೊಳ್ಳಲು ಆಗದವರಿಗೆ ಇದು ದೊಡ್ಡ ಅನುಕೂಲ. ಫೀಸಿನ ಜೊತೆಗೆ ಮಾತ್ರೆಯ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ. ಚೀಟಿಯಲ್ಲಿ ಮದ್ದಿನ ಮೂಲ ಹೆಸರು ಬರೆಸಿಕೊಂಡರೆ ಜನೌಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗಬಹುದು. ಇವೆರಡರ ನಡುವಿನ ದಾರಿ ಅಂದರೆ ಮೈಸೂರಿನ ಜೆಎಸ್‌ಎಸ್, ನಾಗಮಂಗಲ ತಾಲ್ಲೂಕು ಬಿ.ಜಿ. ನಗರದ ಆದಿಚುಂಚನಗಿರಿಯಂಥ ಟ್ರಸ್ಟಿನ ಮೆಡಿಕಲ್ ಕಾಲೇಜು ಆಸ್ಪತ್ರೆಗಳು. ಎಲ್ಲ ವಿಭಾಗಗಳೂ ಒಂದೇ ಕಡೆ ಇರುವುದರಿಂದ ಮೂಳೆ ಡಾಕ್ಟರಿಗೆ ತೋರಿಸುವ ನೆಪದಲ್ಲಿ ಮನಸ್ಸಿನ ಡಾಕ್ಟರಿಗೂ ತೋರಿಸಿ ಬರಬಹುದು, ಯಾರಿಗೂ ವಿವರಣೆ ಕೊಡಬೇಕಿಲ್ಲ.

ಮಾತ್ರೆಯೋ, ಮಾತಿನ ಚಿಕಿತ್ಸೆಯೋ

ನಿಜವಾದ ಹೋಲಿಕೆ ಇರುವುದು ಇಲ್ಲಿ. ಆಸ್ಪತ್ರೆಯ ಬೋರ್ಡಿಗಿಂತ ಇದು ಮುಖ್ಯ.

ಪಿಟಿಎಸ್‌ಡಿಗೆ ಆಘಾತವನ್ನೇ ನೇರವಾಗಿ ಮುಟ್ಟುವ ಮಾತಿನ ಚಿಕಿತ್ಸೆ ಮೊದಲ ಆಯ್ಕೆ ಅಂತ ಅಂತಾರಾಷ್ಟ್ರೀಯ ಮಾರ್ಗಸೂಚಿಗಳು ಹೇಳುತ್ತವೆ. ಸಾಮಾನ್ಯವಾಗಿ ವಾರಕ್ಕೊಂದರಂತೆ 8ರಿಂದ 15 ಸಲ ಕೂರಬೇಕು, ಒಂದೊಂದು ಸಲ 60ರಿಂದ 90 ನಿಮಿಷ. ಏನು ಮಾಡುತ್ತಾರೆ? ಬಸ್ಸು ನಾಲೆಗೆ ಬಿದ್ದಾಗ ಬದುಕಿದವರೊಬ್ಬರು ಅಂದುಕೊಳ್ಳಿ. ಅವರು ಈಗ ಬಸ್ಸೇ ಹತ್ತುವುದಿಲ್ಲ, ನಾಲೆ ಏರಿಯ ರಸ್ತೆ ಬಿಟ್ಟು ಸುತ್ತಿ ಹೋಗುತ್ತಾರೆ. ಚಿಕಿತ್ಸಕರು ಅವರ ಜೊತೆ ಕೂತು ಹೆದರಿಕೆಯ ಮೆಟ್ಟಿಲುಗಳನ್ನು ಪಟ್ಟಿ ಮಾಡುತ್ತಾರೆ: ನಿಂತ ಬಸ್ಸಿನಲ್ಲಿ ಐದು ನಿಮಿಷ ಕೂರುವುದು, ಊರೊಳಗೆ ಒಂದು ಸ್ಟಾಪ್ ಹೋಗುವುದು, ಹಗಲಲ್ಲಿ ಜೊತೆಗಾರರೊಂದಿಗೆ ನಾಲೆ ಏರಿಯಲ್ಲಿ ನಡೆಯುವುದು, ಕೊನೆಗೆ ಅದೇ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವುದು. ಒಂದು ಮೆಟ್ಟಿಲಿನಲ್ಲಿ ಎದೆಬಡಿತ ಇಳಿದ ಮೇಲೆ ಮುಂದಿನದು. ಇನ್ನೊಂದು ಕಡೆ, ಆ ದಿನದ ನೆನಪನ್ನು ಕೋಣೆಯೊಳಗೆ, ಗಾಬರಿಯಾದರೆ ನಿಲ್ಲಿಸುವ ಹಕ್ಕಿನೊಂದಿಗೆ, ಮತ್ತೆ ಮತ್ತೆ ಹೇಳಿಸುತ್ತಾರೆ. ಮೊದಲ ಕೆಲವು ವಾರ ಕನಸು ಜಾಸ್ತಿಯಾಗಬಹುದು. ಇದು ಗೊತ್ತಿಲ್ಲದೆ "ಹೋದಮೇಲೆ ಇನ್ನೂ ಕೆಟ್ಟಿತು" ಅಂತ ಅರ್ಧಕ್ಕೆ ಬಿಡುವವರು ತುಂಬ.

ಮನೆಯವರು "ಬಾ, ಆ ಜಾಗ ತೋರಿಸ್ತೀನಿ, ಭಯ ಹೋಗುತ್ತೆ" ಅಂತ ಎಳೆದುಕೊಂಡು ಹೋಗುವುದು ಇದಲ್ಲ. ಅಲ್ಲಿ ಮೆಟ್ಟಿಲೂ ಇಲ್ಲ, ಒಪ್ಪಿಗೆಯೂ ಇಲ್ಲ.

ಯಾರ ಹತ್ತಿರ ಹೋಗಬೇಕು ಅನ್ನೋದೂ ಗಟ್ಟಿಯಾಗಿರಬೇಕು. ಮೂರು ತಿಂಗಳ ಕೋರ್ಸ್ ಮಾಡಿ "ಕೌನ್ಸೆಲರ್" ಅಂತ ಬೋರ್ಡ್ ಹಾಕಿದವರೂ ಇದ್ದಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರುತ್ತದೆ, ಕೇಳಿ ನೋಡಿ. ಜೊತೆಗೆ "ಆಘಾತಕ್ಕೆ ಯಾವ ಪದ್ಧತಿಯ ಚಿಕಿತ್ಸೆ ಕೊಡ್ತೀರಿ, ಎಷ್ಟು ಸಿಟ್ಟಿಂಗ್" ಅಂತ ಫೋನಿನಲ್ಲೇ ಕೇಳಿ. ಕೇಳಿದ್ದಕ್ಕೆ ಬೇಜಾರಾಗುವವರ ಹತ್ತಿರ ಹೋಗಬೇಡಿ. ಖರ್ಚಿನ ಲೆಕ್ಕ: ಒಂದು ಸಿಟ್ಟಿಂಗ್‌ನ ಫೀಸು, ಬಸ್ ಚಾರ್ಜು, ಕಳೆದ ಕೂಲಿ ಮೂರನ್ನೂ ಕೂಡಿಸಿ 12ರಿಂದ ಗುಣಿಸಿ. ಆ ಮೊತ್ತ ಕೈಗೆಟುಕದಿದ್ದರೆ ನಾಲ್ಕು ಸಲ ಹೋಗಿ ನಿಲ್ಲಿಸುವುದಕ್ಕಿಂತ ಮಾತ್ರೆಯಿಂದ ಶುರು ಮಾಡುವುದು ಜಾಣತನ.

ಮಾತ್ರೆಯ ಅನುಕೂಲ ಅಗ್ಗ, ಸುಲಭ, ತಿಂಗಳಿಗೊಮ್ಮೆ ಹೋದರೆ ಸಾಕಾಗಬಹುದು. ಸರ್ಟ್ರಾಲಿನ್, ಪ್ಯಾರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಪಿಟಿಎಸ್‌ಡಿಗೆ ಹೆಚ್ಚು ಬಳಕೆಯಲ್ಲಿರುವವು. ಪರಿಣಾಮ ಕಾಣಲು ಕೆಲವು ವಾರ ಬೇಕು. ಮೊದಲಿಗೆ ಹೊಟ್ಟೆ ತೊಳಸುವುದು, ಚಡಪಡಿಕೆ ಬರಬಹುದು. 25 ವರ್ಷದೊಳಗಿನವರಲ್ಲಿ ಶುರುವಿನಲ್ಲಿ ಸಾಯುವ ಯೋಚನೆ ಹೆಚ್ಚುವ ಸಾಧ್ಯತೆ ಇರುವುದರಿಂದ ಮನೆಯವರು ಕಣ್ಣಿಟ್ಟಿರಬೇಕು. ಗುಣ ಕಂಡ ಕೂಡಲೇ ನಿಲ್ಲಿಸಿದರೆ ತಲೆಸುತ್ತು, ಗಾಬರಿ, ಕಾಯಿಲೆ ಮರುಕಳಿಸುವುದು. ಡಾಕ್ಟರು ಹೇಳಿದಂತೆ ನಿಧಾನವಾಗಿ ಇಳಿಸಬೇಕು.

ಆಲ್ಪ್ರಜೋಲಮ್, ಕ್ಲೋನಜೆಪಮ್‌ನಂಥ ನಿದ್ರೆ ಮಾತ್ರೆಗಳದ್ದು ಬೇರೆ ಕಥೆ. ಪರಿಚಯದ ಮೆಡಿಕಲ್ ಶಾಪಿನಲ್ಲಿ ಹಳೇ ಚೀಟಿ ತೋರಿಸಿ ತರುವುದು ಇವನ್ನೇ. ಇವು ಪಿಟಿಎಸ್‌ಡಿಯನ್ನು ವಾಸಿ ಮಾಡುವುದಿಲ್ಲ, ಚಟ ಹಿಡಿಸುತ್ತವೆ, ಕುಡಿತದ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು. ಎಲ್ಲ ಆಯ್ಕೆಗಳಲ್ಲಿ ಅಗ್ಗವಾಗಿ ಕಂಡು ಕೊನೆಗೆ ದುಬಾರಿ ಬೀಳುವುದು ಇದು. ಈಗಾಗಲೇ ದಿನಾ ತೆಗೆದುಕೊಳ್ಳುತ್ತಿದ್ದರೆ ಒಮ್ಮೆಲೇ ಬಿಡಲೂಬೇಡಿ, ಫಿಟ್ಸ್ ಬರಬಹುದು.

ಗರ್ಭಿಣಿಯರು, ಹಾಲೂಡಿಸುವವರು, ಮಕ್ಕಳು ಆದರೆ ತೂಕ ಮಾತಿನ ಚಿಕಿತ್ಸೆಯ ಕಡೆಗೇ. ಮಕ್ಕಳಲ್ಲಿ ಲಕ್ಷಣವೂ ಬೇರೆ: ಹಾಸಿಗೆ ಒದ್ದೆ ಮಾಡುವುದು, ಅಮ್ಮನ ಸೆರಗು ಬಿಡದಿರುವುದು, ಅದೇ ಅಪಘಾತವನ್ನು ಆಟವಾಗಿ ಮತ್ತೆ ಮತ್ತೆ ಆಡುವುದು.

ನಿಮ್ಹಾನ್ಸ್‌ಗೆ ಯಾವಾಗ

ನಮ್ಮವರಿಗೆ ನಿಮ್ಹಾನ್ಸ್ ಅಂದರೆ ಕಡೆಯ ಕೋರ್ಟ್. ಗೌರವ ಸರಿಯೇ. ಆದರೆ ಎಲ್ಲರಿಗೂ ಬೇಕಿಲ್ಲ. ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಹೊಸೂರು ರಸ್ತೆಗೆ ಮತ್ತೊಂದು ಬಸ್ಸು ಹಿಡಿಯಬೇಕು, ಇಡೀ ದಿನ ಹೋಗುತ್ತದೆ. ವಾರಕ್ಕೊಮ್ಮೆ ಇದು ಯಾರಿಗೆ ಸಾಧ್ಯ? ಎರಡು ಮದ್ದು ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ವಾರ ತೆಗೆದುಕೊಂಡರೂ ಗುಣ ಕಾಣದಿದ್ದರೆ, ಕುಡಿತ ಮತ್ತು ಪಿಟಿಎಸ್‌ಡಿ ಗಂಟು ಬಿದ್ದಿದ್ದರೆ, ತಲೆಗೆ ಪೆಟ್ಟು ಬಿದ್ದು ಎರಡೂ ಕಲಸಿಹೋಗಿದ್ದರೆ, ಪುಟ್ಟ ಮಗುವಿನ ಕೇಸಾಗಿದ್ದರೆ ಖಂಡಿತ ಹೋಗಿ. ಅಲ್ಲಿ ಚಿಕಿತ್ಸೆ ಗೊತ್ತುಮಾಡಿಸಿಕೊಂಡು ಮುಂದಿನ ಭೇಟಿಗಳನ್ನು ಮಂಡ್ಯ, ಮೈಸೂರಿನಲ್ಲೇ ಮುಂದುವರಿಸಬಹುದಾ ಅಂತ ಕೇಳಿ.

ತುರ್ತಿನಲ್ಲಿ ಮಾತ್ರ ಬೆಂಗಳೂರಿನ ಯೋಚನೆ ಬೇಡ. ವಿಷ ಕುಡಿದಿದ್ದರೆ, ಮಾತ್ರೆ ನುಂಗಿದ್ದರೆ 108ಕ್ಕೆ ಕರೆ ಮಾಡಿ ಹತ್ತಿರದ ದೊಡ್ಡ ಆಸ್ಪತ್ರೆಗೆ. ಪೊಲೀಸ್ ಕೇಸಾಗುತ್ತದೆ ಅಂತ ಹೆದರಿ ಮುಚ್ಚಿಡಬೇಡಿ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು ಅಂತ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಇದೇ ಕಾಯ್ದೆ ವಿಮಾ ಕಂಪನಿಗಳು ಮನಸ್ಸಿನ ಕಾಯಿಲೆಯನ್ನು ದೇಹದ ಕಾಯಿಲೆಯಂತೆಯೇ ನೋಡಬೇಕು ಅಂತಲೂ ಹೇಳಿದೆ. ಪಾಲಿಸಿ ಇದ್ದರೆ ತೆಗೆದು ನೋಡಿ. ಹೊರರೋಗಿ ಖರ್ಚು ಹೆಚ್ಚಿನ ಪಾಲಿಸಿಗಳಲ್ಲಿ ಸಿಗುವುದಿಲ್ಲ, ದಾಖಲಾದರೆ ಸಿಗುತ್ತದೆ.

ಒಟ್ಟಿಗೆ ಇಟ್ಟು ನೋಡಿದರೆ ಮೊದಲಿನ ಆ ತಮ್ಮನಿಗೆ ನನ್ನ ಸಲಹೆ: ಮೂರು ತಿಂಗಳು ದಾಟಿದೆ, ಕಾಯುವುದು ಸಾಕು. ಸಾಯುವ ಮಾತು ಬಂದಿದ್ದರೆ ಇವತ್ತೇ ಆಸ್ಪತ್ರೆಗೆ. ಇಲ್ಲದಿದ್ದರೆ ಈ ವಾರ ಮಿಮ್ಸ್‌ನಲ್ಲಿ ತೋರಿಸಿ, ಮಾತ್ರೆ ಶುರುವಾಗಲಿ, ಅಲ್ಲೇ ಕ್ಲಿನಿಕಲ್ ಸೈಕಾಲಜಿಸ್ಟ್ ಸಿಗುತ್ತಾರಾ ಕೇಳಿ. ಸಿಗದಿದ್ದರೆ ಕೈಯಲ್ಲಿರುವ ದುಡ್ಡನ್ನು ಡಾಕ್ಟರ್ ಫೀಸಿಗೆ ಹಾಕದೆ ಮೈಸೂರಿನ 12 ಸಿಟ್ಟಿಂಗ್‌ಗೆ ಉಳಿಸಿ. ಎರಡು ತಿಂಗಳು ಬಿಡದೆ ಮಾಡಿಯೂ ನಿದ್ದೆ, ಸಿಟ್ಟು, ಕೆಲಸ ಮೂರರಲ್ಲಿ ಒಂದೂ ಸುಧಾರಿಸದಿದ್ದರೆ ಆಗ ದಾರಿ ಬದಲಿಸಿ. ಅಪಘಾತದ ಪರಿಹಾರದ ಕೇಸು ನಡೆಯುತ್ತಿದ್ದರೆ ಪ್ರತಿ ಚೀಟಿ, ಪ್ರತಿ ಬಿಲ್ಲು ಜೋಪಾನವಾಗಿಟ್ಟು ವಕೀಲರಿಗೂ ಒಂದು ಪ್ರತಿ ಕೊಡಿ, ಮನಸ್ಸಿನ ಚಿಕಿತ್ಸೆಯದ್ದೂ ಸೇರಿಸಿ.